ನಂಬಿಸಿದ ಕೈ

ವೈದ್ಯರು ನಾಟಕ ಬರೆಯಹೊರಟಾಗ ರೋಗವೇ ನಾಯಕನಾಗಿ, ರೋಗಿ ಮರೆಗೆ ಸರಿದುಬಿಡುವ ಭಯವುಂಟು. ಅಮೆರಿಕದ ಡೇವಿಡ್ ಫೆಲ್ಡ್‌ಶೂ ವೈದ್ಯರೂ ಹೌದು, ರಂಗಭೂಮಿಯನ್ನು ಬಲ್ಲವರೂ ಹೌದು. 1989ರಲ್ಲಿ ಮೊದಲು ರಂಗವೇರಿ, 1997ರಲ್ಲಿ ಚಲನಚಿತ್ರವೂ ಆದ ಅವರ ‘ಮಿಸ್ ಎವರ್ಸ್ ಬಾಯ್ಸ್’ ನಾಟಕದಲ್ಲಿ ಮನುಷ್ಯರೇ ಮುಂದೆ ನಿಂತಿದ್ದಾರೆ. ಅದೇ ಅದರ ಹಿರಿಮೆ. ಅದರ ಕೊರತೆಯೂ ಅಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ನಾಟಕಕ್ಕೆ ಆಧಾರವಾದದ್ದು ಟಸ್ಕೀಗಿ ಪ್ರಯೋಗವೆಂದು ಕುಖ್ಯಾತವಾದ ಸಂಗತಿ. ಅಲಬಾಮ ಸಂಸ್ಥಾನದ ಮೇಕನ್ ಕೌಂಟಿಯಲ್ಲಿ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯವರು 1932ರಲ್ಲಿ ಕಪ್ಪು ಜನಾಂಗದ 600 ಮಂದಿ ಗಂಡಸರನ್ನು ಆರಿಸಿಕೊಂಡರು. 399 ಮಂದಿಗೆ ಸಿಫಿಲಿಸ್ ರೋಗವಿತ್ತು. 201 ಮಂದಿಗೆ ಇರಲಿಲ್ಲ. ರೋಗವನ್ನು ಯಾರೂ ಅಂಟಿಸಲಿಲ್ಲ. ಇದ್ದ ರೋಗ ದೇಹವನ್ನು ಹೇಗೆ ತಿನ್ನುವುದೆಂದು ನಲವತ್ತು ವರ್ಷ ನೋಡುತ್ತ ಕುಳಿತರು. ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೇ ರೋಗಿಗಳಿಗೆ ಹೇಳಿದರು. ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಯನ್ನು ‘ವಿಶೇಷ ಉಚಿತ ಚಿಕಿತ್ಸೆ’ ಎಂದು ಕರೆದರು. 1947ರ ವೇಳೆಗೆ ಪೆನಿಸಿಲಿನ್ ಈ ರೋಗಕ್ಕೆ ಸರ್ವಮಾನ್ಯ ಔಷಧವಾದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ.

ನಾಟಕದಲ್ಲಿ ಕೋರಿಗೆ ಹೊಲ ಮಾಡುವ ನಾಲ್ವರು ಬಡ ರೈತರಿದ್ದಾರೆ. ಅವರದೊಂದು ಕುಣಿತದ ಮೇಳ. ಮೇಳಕ್ಕೆ ತಮ್ಮ ನೆಚ್ಚಿನ ದಾದಿ ಎವರ್ಸಳ ಹೆಸರನ್ನೇ ಇಟ್ಟಿದ್ದಾರೆ. ಕುಣಿತದಲ್ಲಿ ಚತುರನಾದ ವಿಲ್ಲಿಯ ಕಾಲುಗಳನ್ನೇ ರೋಗ ಹಿಡಿಯುವಾಗ ಯಾರ ಕಣ್ಣಾದರೂ ಒದ್ದೆಯಾಗದಿರದು. ವೈದ್ಯರ ಆಜ್ಞೆಗೂ ತನ್ನ ಮಮತೆಗೂ ನಡುವೆ ತೊಳಲುವ ದಾದಿಯ ಪಾತ್ರಪೋಷಣೆ ಸಮರ್ಥವಾಗಿದೆ.

ಆದರೆ ಆ ತೊಳಲಾಟ ರಂಗವನ್ನೆಲ್ಲ ತುಂಬಿ, ಆಜ್ಞೆ ಹೊರಡಿಸಿದ ಕಚೇರಿ ನೇಪಥ್ಯಕ್ಕೆ ಸರಿಯುತ್ತದೆ. ದಾದಿಯ ಪಾತ್ರಕ್ಕೆ ಮೂಲವಾದ ಯೂನಿಸ್ ರಿವರ್ಸ್ ರೋಗಿಗಳನ್ನು ಕಾರಿನಲ್ಲಿ ಕರೆತರುತ್ತಿದ್ದರು, ಕಷ್ಟಸುಖ ವಿಚಾರಿಸುತ್ತಿದ್ದರು. 1953ರಲ್ಲಿ ಆರೋಗ್ಯ ಸೇವೆಯ ಪತ್ರಿಕೆಯಲ್ಲಿ ಈ ಪ್ರಯೋಗದ ಇಪ್ಪತ್ತು ವರ್ಷಗಳ ಅನುಭವ ಪ್ರಕಟವಾಯಿತು. ಲೇಖಕರಲ್ಲಿ ಮೊದಲ ಹೆಸರು ಆಕೆಯದೇ. ಕಾರಿನ ಪ್ರಯಾಣ, ಪರೀಕ್ಷೆಯ ದಿನದ ಬಿಸಿಯೂಟ, ಶವಸಂಸ್ಕಾರದ ನೆರವು ಇವೆಲ್ಲ ರೋಗಿಗಳನ್ನು ಹಿಡಿದಿಟ್ಟುಕೊಳ್ಳುವ ಸಾಧನಗಳೆಂದು ಅಲ್ಲಿ ಲೆಕ್ಕಕ್ಕೆ ಬಂದಿವೆ. ಶವಸಂಸ್ಕಾರದ ಹಣಕ್ಕೆ ಪ್ರತಿಯಾಗಿ ಶವಪರೀಕ್ಷೆಗೆ ಒಪ್ಪಬೇಕಿತ್ತು. 1958ರಲ್ಲಿ ಸರ್ಕಾರ ಆಕೆಗೆ ಪ್ರಶಸ್ತಿಯನ್ನೂ ಕೊಟ್ಟಿತು. ಮುಚ್ಚಿಟ್ಟ ಪಾಪಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ವಿಶ್ವಾಸವೇ ಇಲ್ಲಿ ಪ್ರಯೋಗದ ಉಪಕರಣವಾಗಿತ್ತು. ಒಬ್ಬ ಹೆಂಗಸಿನ ಅಂತಃಕರಣವನ್ನು ವಿಚಾರಣೆಗೆ ನಿಲ್ಲಿಸಿದ ನಾಟಕ ಈ ಮಾತನ್ನು ಪೂರ್ತಿಯಾಗಿ ಆಡುವುದಿಲ್ಲ.

1972ರ ಜುಲೈನಲ್ಲಿ ವೃತ್ತಪತ್ರಿಕೆಗಳು ಸುದ್ದಿ ಬಯಲಿಗೆಳೆದ ಮೇಲೆ ಪ್ರಯೋಗ ನಿಂತಿತು. 1974ರಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಕಾಯಿದೆಯ ಕಟ್ಟು ಬಂತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಯಾಚಿಸಿದರು. ಆದರೂ ಆ ಜನಾಂಗದ ಎಷ್ಟೋ ಮಂದಿ ಇಂದಿಗೂ ಆಸ್ಪತ್ರೆಯನ್ನು ಶಂಕೆಯಿಂದ ನೋಡುತ್ತಾರೆ. ಅದನ್ನು ಅಜ್ಞಾನವೆಂದು ಜರೆಯುವವರು ಈ ನಾಟಕವನ್ನೊಮ್ಮೆ ಓದಬೇಕು. ಅದರ ಕೊರತೆಯೇನೇ ಇರಲಿ, ಮೇಕನ್ ಕೌಂಟಿಯ ರೈತರು ವೈದ್ಯರನ್ನು ನಂಬಲಿಲ್ಲವೆಂಬ ದೂರಿಗೆ ಅದರಲ್ಲಿ ಉತ್ತರವಿದೆ: ಅವರು ನಂಬಿದ್ದರು.