ಥ್ರಾಟಲ್ ಬಿಟ್ಟವ ಕೆಟ್ಟ

ಜೇಮ್ಸ್ ಬಾಂಡ್ ಸರಣಿಯ ‘ಲಿವ್ ಅಂಡ್ ಲೆಟ್ ಡೈ’ 1973ರಲ್ಲಿ ತೆರೆಕಂಡಿತು. ಅದರ ಕಥೆ ಮರೆತವರಿಗೂ ಬೋಟು ಹಾರಿದ್ದು ನೆನಪಿರುತ್ತದೆ. ಅಮೆರಿಕದ ಲೂಸಿಯಾನದ ಜೌಗು ಕಾಲುವೆಗಳಲ್ಲಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಬಂದ ಬಾಂಡ್, ಅಡ್ಡಬಂದ ರಸ್ತೆಯನ್ನೂ ಅಲ್ಲಿ ನಿಂತ ಪೊಲೀಸರನ್ನೂ ದಾಟಿ ಹಾರಿ ಆಚೆಯ ನೀರಿಗೆ ಇಳಿಯುತ್ತಾನೆ. ಪರದೆಯ ಮೇಲಿದ್ದವರು ರೋಜರ್ ಮೂರ್. ನಿಜವಾಗಿ ಹಾರಿಸಿದವರು ಜೆರ್ರಿ ಕೊಮೊ ಎಂಬ ಸ್ಟಂಟ್ ಚಾಲಕ. ಗ್ಲಾಸ್ಟ್ರಾನ್ ಬೋಟು, ಹಿಂದೆ ಎವಿನ್‌ರೂಡ್ ಔಟ್‌ಬೋರ್ಡ್ ಎಂಜಿನ್. 110 ಅಡಿ ಹಾರಿದ್ದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿತು.

ಎಲ್ಲರೂ ಈ 110ನ್ನೇ ಹೇಳುತ್ತಾರೆ. ನನಗೆ ಹೆಚ್ಚು ರುಚಿಸುವ ಲೆಕ್ಕ ಬೇರೆ. ಆ ಚಿತ್ರಕ್ಕಾಗಿ 26 ಬೋಟು ಕಟ್ಟಿಸಿದ್ದರು, ಅದರಲ್ಲಿ 17 ತಾಲೀಮಿನಲ್ಲೇ ನುಚ್ಚುನೂರಾದವು. ಬೋಟನ್ನು ಹಾರಿಸಲು ಇಳಿಜಾರು ಹಲಗೆ ಸಾಕು. ನೆಟ್ಟಗೆ ಇಳಿಸುವುದೇ ಕಷ್ಟ. ಚಾಲಕ ಒಂದು ಬದಿಗೆ ಕೂತರೆ ಅವನ ಭಾರಕ್ಕೇ ಬೋಟು ಗಾಳಿಯಲ್ಲಿ ಅತ್ತ ವಾಲುತ್ತದೆ. ಪ್ರೊಪೆಲರ್ ನೀರಿನಿಂದ ಹೊರಬಂದ ಕ್ಷಣ ಎಂಜಿನ್‌ಗೆ ಹೊರೆಯೇ ಇಲ್ಲ, ಅದು ಅರಚತೊಡಗುತ್ತದೆ. ಹಾಗೆಯೇ ಬಿಟ್ಟರೆ ಮರಳಿ ನೀರು ಮುಟ್ಟುವಾಗ ಗೇರುಗಳು ಚೂರಾಗಬಹುದು. ಪೂರ್ತಿ ಇಳಿಸಿದರೆ ಮೂತಿ ನೀರಿಗೆ ನೆಡುತ್ತದೆ. ಗಾಳಿಯಲ್ಲಿದ್ದಾಗಲೇ ಥ್ರಾಟಲ್ ಸ್ವಲ್ಪ ಇಳಿಸಿ, ನೀರು ಮುಟ್ಟುವ ಹೊತ್ತಿಗೆ ಮತ್ತೆ ಏರಿಸಬೇಕು.

ಆದರೂ ಹಾರಾಟಕ್ಕಿಂತ ತಿರುವು ದೊಡ್ಡ ವಿದ್ಯೆ ಎಂಬುದು ನನ್ನ ಪಕ್ಷ. ಹಾರಾಟವನ್ನು ಅರ್ಧ ದಂಡೆಯ ಮೇಲೆ ಅಳತೆ ಪಟ್ಟಿ ಹಿಡಿದೇ ಮುಗಿಸಬಹುದು. ತಿರುವು ಹಾಗಲ್ಲ. ಔಟ್‌ಬೋರ್ಡಿಗೆ ಚುಕ್ಕಾಣಿಯೇ ಇಲ್ಲ. ಇಡೀ ಎಂಜಿನ್ ತಿರುಗಿ, ಪ್ರೊಪೆಲರ್ ತಳ್ಳುವ ನೀರಿನಿಂದಲೇ ಬೋಟಿನ ಹಿಂಭಾಗ ಪಕ್ಕಕ್ಕೆ ಸರಿಯಬೇಕು. ಥ್ರಾಟಲ್ ಬಿಟ್ಟರೆ ಸ್ಟಿಯರಿಂಗಿನ ಹಿಡಿತವೂ ಹೋಯಿತು. ಮಲ್ಪೆ ಕಡೆಯ ನಾಡದೋಣಿಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಅಳಿವೆಯಲ್ಲಿ ಅಲೆ ಬೆನ್ನಿಗೆ ಬಿದ್ದಾಗ ಎಂಜಿನ್ ಆರಿದರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ.

ಕಾರು ಓಡಿಸಿ ಬಂದವನ ಕೈ ತಿರುವಿನಲ್ಲಿ ತಾನಾಗಿ ಥ್ರಾಟಲ್ ಹಿಂದಕ್ಕೆಳೆಯುತ್ತದೆ. ಮೂತಿ ತಗ್ಗಿ ನೀರನ್ನು ಕಚ್ಚುತ್ತದೆ, ಹಿಂಭಾಗ ಜಾರಿ ಬೋಟು ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಪಕ್ಕದಲ್ಲಿ ಕೂತವರು ನೀರಿಗೆ. ತಮಾಷೆಯೆಂದರೆ, ಪ್ರದರ್ಶನಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಅರ್ಧಸುತ್ತಿನ ಗಿರಕಿಯೂ ಇದೇ! ಹೊಸಬ ಗಾಬರಿಯಲ್ಲಿ ಮಾಡುವುದನ್ನು ಉಸ್ತಾದ ಬೇಕೆಂದೇ, ಬೇಕಾದ ಜಾಗದಲ್ಲಿ ಮಾಡುತ್ತಾನೆ.

ನೋಡುವವರ ಕಣ್ಣಿಗೆ ಬೀಳದ ಕೆಲಸ ಹೆಬ್ಬೆರಳಿನದು. ಅದರ ಕೆಳಗಿರುವ ಟ್ರಿಮ್ ಗುಂಡಿ ಎಂಜಿನ್ನಿನ ಕೋನ ಬದಲಿಸುತ್ತದೆ. ಎಂಜಿನ್ ಹೊರಕ್ಕೆ ವಾಲಿದಷ್ಟೂ ಮೂತಿ ಏಳುತ್ತದೆ, ತಳ ನೀರಿನಿಂದ ಬಿಡಿಸಿಕೊಳ್ಳುತ್ತದೆ, ವೇಗ ಏರುತ್ತದೆ. ವಿ ಆಕಾರದ ತಳವಾದರೆ ಬೋಟು ಕೊನೆಗೆ ಅಂಗೈಯಗಲದ ಪಟ್ಟಿಯ ಮೇಲೆ ನಿಂತಂತೆ ಓಡುತ್ತ, ಎಡಕ್ಕೂ ಬಲಕ್ಕೂ ತೊನೆಯತೊಡಗುತ್ತದೆ. ಇದಕ್ಕೆ ಚೈನ್ ವಾಕ್ ಎನ್ನುತ್ತಾರೆ. ತೊನೆತ ಕಣ್ಣಿಗೆ ಕಂಡಮೇಲೆ ಸ್ಟಿಯರಿಂಗ್ ತಿರುಗಿಸಿದರೆ ಹೊತ್ತು ಮೀರಿತು. ತಿದ್ದಿದ್ದೇ ಮುಂದಿನ ತೊನೆತಕ್ಕೆ ನೂಕುಬಲ. ಪಳಗಿದವರು ಅದು ಶುರುವಾಗುವ ಮುನ್ನವೇ ಕೂದಲೆಳೆಯಷ್ಟು ತಿದ್ದುತ್ತಿರುತ್ತಾರೆ. ಟ್ರಿಮ್ ಇನ್ನೂ ಅತಿಯಾದರೆ ಗಾಳಿ ತಳಕ್ಕೆ ನುಗ್ಗಿ ಬೋಟನ್ನು ಹಿಮ್ಮುಖವಾಗಿ ಮಗುಚುತ್ತದೆ.

ಇದರ ಪರಮಾವಧಿ ಎಫ್1ಎಚ್2ಒ, ಅಂದರೆ ಪವರ್‌ಬೋಟುಗಳ ಫಾರ್ಮುಲಾ ಒನ್. ಎರಡು ತೇಲುಗಾಲು, ನಡುವೆ ಗಾಳಿ ಹಾಯುವ ಸುರಂಗ, ಹಿಂದೆ ಸುಮಾರು 400 ಅಶ್ವಶಕ್ತಿ, ಗಂಟೆಗೆ 200 ಕಿ.ಮೀ. ಮೀರಿದ ಓಟ. ಬ್ರೇಕೂ ಇಲ್ಲ, ಬದಲಿಸಲು ಗೇರೂ ಇಲ್ಲ. ಮಗುಚಿದರೆ ಗತಿಯೇನು ಎಂದು ಕೇಳಬೇಡಿ. ತಲೆಕೆಳಗಾಗಿ ಮುಳುಗಿದ ಕಾಕ್‌ಪಿಟ್‌ನಿಂದ ಬೆಲ್ಟ್ ಬಿಚ್ಚಿ ಹೊರಬರುವ ಪರೀಕ್ಷೆ ಪಾಸಾಗದವನನ್ನು ಇಲ್ಲಿ ಸ್ಪರ್ಧೆಗೇ ಬಿಡುವುದಿಲ್ಲ.

ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಹೋಗುವ ಕೃಷ್ಣೆಯ ಮೇಲೆ, ವಿಜಯವಾಡದಲ್ಲಿ, 2018ರ ನವೆಂಬರಿನಲ್ಲಿ ಈ ಬೋಟುಗಳು ಓಡಿದ್ದವು. ಮುಂದೆಂದಾದರೂ ಅಂಥ ರೇಸು ಹತ್ತಿರಕ್ಕೆ ಬಂದರೆ ಮುಗಿತಾಯದ ಗೆರೆಯ ಬಳಿ ಜಾಗ ಹಿಡಿಯಬೇಡಿ. ಅಲ್ಲಿ ಕಾಣುವುದು ಬರೀ ನೀರಿನ ತುಂತುರು. ಮೊದಲ ತಿರುವಿನ ಬೋಯಾ ಕಾಣುವ ದಡದಲ್ಲಿ ನಿಂತು ಎಂಜಿನ್ ಸದ್ದು ಕೇಳಿ. ಯಾರ ಸದ್ದು ತಿರುವಿನ ನಡುವೆ ತಗ್ಗಿತು, ಯಾರದು ತಗ್ಗಲಿಲ್ಲ ಎಂಬುದನ್ನು ಗುರುತಿಟ್ಟುಕೊಂಡರೆ, ಎರಡು ಸುತ್ತು ಕಳೆಯುವುದರೊಳಗೆ ಯಾರು ಮುಂದೆ ಬರುತ್ತಾರೆಂದು ಪಕ್ಕದವರೊಡನೆ ಪಂಥ ಕಟ್ಟಬಹುದು.