ಒಗರಿಗೆ ನಮ್ಮಲ್ಲೇ ಹೆಸರಿದೆ

ವೈನ್ ಎಂಬ ಮಾತು ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಎರಡು ಬಗೆಯ ಮುಖಗಳು ಕಾಣುತ್ತವೆ. ಹಿರಿಯರು ‘ಶಿವಶಿವಾ’ ಎಂದು ಆಚೆ ತಿರುಗುತ್ತಾರೆ. ಕಿರಿಯರು ಅದೇನೋ ದೊಡ್ಡ ನಾಗರಿಕತೆಯ ಗುರುತೆಂಬಂತೆ ದನಿ ತಗ್ಗಿಸಿ ಮಾತಾಡುತ್ತಾರೆ. ಕೆಮ್ಮಿಗೆಂದು ದ್ರಾಕ್ಷಾರಿಷ್ಟ ಕುಡಿದವರಿಗೆ ಅದೂ ಹುದುಗು ಬಂದ ದ್ರಾಕ್ಷಿಯ ರಸವೇ ಎಂಬುದು ನೆನಪಿಗೆ ಬರುವುದಿಲ್ಲ. ಬಯ್ಯುವವರೂ ಹೊಗಳುವವರೂ ಬಿಟ್ಟುಬಿಟ್ಟ ಕೆಲಸವೊಂದಿದೆ. ಅದರ ರುಚಿ ಹೇಗಿದೆ ಎಂದು ಅವರ್ಯಾರೂ ಹೇಳುವುದಿಲ್ಲ.

ಮಗಳು ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದಾಳೆ. ಅಲ್ಲಿ ರೋನ್ ಮತ್ತು ಸೋನ್ ಎಂಬ ಎರಡು ನದಿಗಳ ಸಂಗಮ. ಮೂರನೆಯ ನದಿ ಬೋಜೊಲೆ ವೈನಿನದು ಎಂದು ಊರವರೇ ತಮಾಷೆ ಮಾಡುತ್ತಾರೆ. ಒಂದು ಬೇಸಿಗೆ ರಜೆಯಲ್ಲಿ ಅಲ್ಲಿದ್ದಾಗ ಮಗಳು, ಅಳಿಯ, ನಾನು ಸೇರಿ ಅಲ್ಲಿನವರು ದಿನನಿತ್ಯ ಊಟಕ್ಕೆ ಇಟ್ಟುಕೊಳ್ಳುವ ನಾಲ್ಕು ವೈನುಗಳನ್ನು ಗುಟುಕು ಗುಟುಕಾಗಿ ಹೋಲಿಸಿ ನೋಡಿದೆವು. ಎರಡು ಬಿಳಿ, ಎರಡು ಕೆಂಪು. ಯಾವುದೂ ದುಬಾರಿಯದಲ್ಲ.

ಮೊದಲು ಒಂದು ಸಣ್ಣ ಪಾಠ. ಕಪ್ಪು ದ್ರಾಕ್ಷಿಯಲ್ಲೂ ಸಾಮಾನ್ಯವಾಗಿ ತಿರುಳು ಬಿಳಿಯೇ, ಬಣ್ಣವಿರುವುದು ಸಿಪ್ಪೆಯಲ್ಲಿ. ರಸವನ್ನು ಹಿಂಡಿ ಸಿಪ್ಪೆಯಿಂದ ಬೇರೆ ಮಾಡಿ ಹುದುಗಿಸಿದರೆ ಬಿಳಿ ವೈನ್. ಸಿಪ್ಪೆ, ಬೀಜಗಳ ಜೊತೆಗೇ ಹುದುಗಿಸಿದರೆ ಕೆಂಪು. ಆ ಸಿಪ್ಪೆ ಬೀಜಗಳಿಂದ ಇಳಿದು ಬರುವುದಕ್ಕೆ ಅವರು ಟ್ಯಾನಿನ್ ಎನ್ನುತ್ತಾರೆ. ಅದು ನಾಲಿಗೆಯನ್ನು ಒರಟು ಮಾಡುತ್ತದೆ, ವಸಡು ಹಿಡಿದಂತಾಗುತ್ತದೆ. ಎಳೆಯ ನೆಲ್ಲಿಕಾಯಿ, ಗೇರುಹಣ್ಣು, ಬಾಳೆಕಾಯಿ ತಿಂದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅದು ಒಗರು. ಷಡ್ರಸಗಳಲ್ಲಿ ಒಂದೆಂದು ನಮ್ಮವರು ಎಂದೋ ಎಣಿಸಿಟ್ಟಿದ್ದಾರೆ.

ಮೊದಲನೆಯದು ಮಸ್ಕಡೆ. ಲ್ವಾರ್ ನದಿ ಕಡಲು ಸೇರುವ ನಾಂತ್ ಸೀಮೆಯದು. ನೀರಿನಷ್ಟೇ ತಿಳಿ, ಪರಿಮಳವೂ ಕಡಿಮೆ. ಆದರೆ ಬಾಯಿಗಿಟ್ಟರೆ ನಿಂಬೆಯ ಹುಳಿ, ಹಿಂದೆಯೇ ಚಿಟಿಕೆ ಉಪ್ಪು ಹಾಕಿದಂಥ ರುಚಿ. ಹುದುಗು ತಳಕ್ಕೆ ಕೂತ ಮೇಲೂ ಚಳಿಗಾಲವಿಡೀ ಅದರ ಮೇಲೆಯೇ ವೈನನ್ನು ಬಿಡುವ ಪದ್ಧತಿ ಅಲ್ಲಿದೆ. ಅದರಿಂದ ಈ ಬಡಕಲು ವೈನಿಗೆ ಸ್ವಲ್ಪ ಮೈ ಬರುತ್ತದೆ. ಎರಡನೆಯದು ಮಾಕೋನ್, ಲಿಯೋನಿನ ಉತ್ತರಕ್ಕೆ ಶಾರ್ಡನೆ ದ್ರಾಕ್ಷಿಯಿಂದ ಮಾಡಿದ್ದು. ಮಾಗಿದ ಸೇಬಿನ ವಾಸನೆ, ನುಣುಪು, ಹುಳಿ ಹಿತಮಿತ. ಮೊದಲ ಗುಟುಕಿಗೆ ಎಲ್ಲರೂ ಮೆಚ್ಚಿದ್ದು ಇದನ್ನೇ. ಮೂರನೆಯ ಗುಟುಕಿಗೆ ನನಗೆ ಬೇಸರ ಬಂತು. ಎಲ್ಲರಿಗೂ ಹೌದೆನ್ನುವ ಅತಿಥಿಯ ಹಾಗೆ ಅದು.

ಕೆಂಪಿನಲ್ಲಿ ಮೊದಲು ಬೋಜೊಲೆ. ಇದರ ದ್ರಾಕ್ಷಿ ಗಾಮೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ತಳಿಯನ್ನು ಕೀಳೆಂದು ಜರೆದು ತನ್ನ ಸೀಮೆಯಿಂದ ಕಿತ್ತು ಹಾಕಿಸಲು ಆಜ್ಞೆ ಮಾಡಿದ್ದ. ಅರಮನೆಗೆ ಬೇಡವಾದದ್ದು ಆರು ನೂರು ವರ್ಷಗಳಾದರೂ ಜನರ ಊಟದ ಮೇಜಿನ ಮೇಲೆ ಉಳಿದಿದೆ. ದ್ರಾಕ್ಷಿಯನ್ನು ಜಜ್ಜದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ಹಾಕುವುದರಿಂದ ಒಗರು ಕಡಿಮೆ, ಹಣ್ಣಿನ ಘಮ ಹೆಚ್ಚು. ಕೊನೆಯದು ಕೋತ್ ದು ರೋನ್, ದಕ್ಷಿಣದ ಬಿಸಿಲಿನದು. ಗ್ರೆನಾಶ್, ಸಿರಾ ಮುಂತಾದ ದ್ರಾಕ್ಷಿಗಳ ಬೆರಕೆ. ಗಾಢ ಬಣ್ಣ, ಗಂಟಲಲ್ಲಿ ಬಿಸಿ, ಮತ್ತೆ ಮತ್ತೆ ಒಗರು. ಅದರಲ್ಲಿ ಕಾಳುಮೆಣಸಿನ ಘಾಟು ಬಂತೆಂದು ನಾನು ಹೇಳಿದಾಗ ಅಳಿಯ ನಕ್ಕರು. ನಗುವಂಥದ್ದೇನೂ ಅಲ್ಲ. ಕಾಳುಮೆಣಸಿಗೆ ಆ ವಾಸನೆ ಕೊಡುವ ವಸ್ತುವೇ ಸಿರಾ ದ್ರಾಕ್ಷಿಯಲ್ಲೂ ಇದೆ ಎಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಬರೀ ಬಾಯಿಗೆ ಕುಡಿದು ತೀರ್ಪು ಕೊಡುವುದು ಅರ್ಧ ನ್ಯಾಯ. ಊಟದ ಜೊತೆ ನೋಡಿದೆವು. ಮಗಳು ಮಾಡಿದ್ದ ಚಿತ್ರಾನ್ನದ ಜೊತೆ ಮಸ್ಕಡೆ ಸೊಗಸಾಗಿ ಹೊಂದಿತು. ಹುಳಿಗೆ ಹುಳಿ ಜೋಡಿಯಾಯಿತು. ಅದೇ ಚಿತ್ರಾನ್ನದ ಹಸಿಮೆಣಸಿನಕಾಯಿ ಕೋತ್ ದು ರೋನಿನ ಜೊತೆ ಸೇರಿ ಬಾಯಿ ಉರಿಸಿಬಿಟ್ಟಿತು. ಗಟ್ಟಿ ಚೀಸಿನ ತುಂಡು ಕಚ್ಚಿ ಕುಡಿದರೆ ಅದೇ ವೈನಿನ ಒಗರು ಮಾಯ. ಕಡಕ್ ಚಹಾಕ್ಕೆ ಹಾಲು ಬೆರೆಸಿದರೆ ಒಗರು ಸತ್ತುಹೋಗುವುದಿಲ್ಲವೇ, ಹಾಗೆ. ಬೋಜೊಲೆ ಯಾವುದರ ಜೊತೆಗೂ ಜಗಳವಾಡಲಿಲ್ಲ.

ಇನ್ನು ವೈನ್ ಪಂಡಿತರ ಭಾಷೆಯ ವಿಚಾರ. ಒಂದು ಗುಟುಕಿನಲ್ಲಿ ಚರ್ಮ, ತಂಬಾಕು, ಕಾಡುಹಣ್ಣು ಎಲ್ಲ ಕಾಣುವ ಈ ಮಾತುಗಳ ಮುಂದೆ ಸಾಮಾನ್ಯರು ಕುಗ್ಗುತ್ತಾರೆ. 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಪ್ರಯೋಗವೊಂದರಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿ ವರ್ಣಿಸಿದರು! ಮೂಗಿಗಿಂತ ಕಣ್ಣು ಮೊದಲು ಮಾತಾಡಿತ್ತು. ಅಲ್ಲಿನ ಒಂದು ಹೋಟೆಲಿನಲ್ಲಿ ಆರಿಸಿ ಹೇಳಿದವಳು ಮಗಳಾದರೂ, ರುಚಿ ನೋಡಲೆಂದು ಮಾಣಿ ಮೊದಲ ಗುಟುಕು ಸುರಿದದ್ದು ಅಳಿಯನ ಲೋಟಕ್ಕೆ. ದಿನವೂ ಸಾರಿನ ಹದ ನೋಡುವ ನಾಲಿಗೆಗೆ ಅಲ್ಲೂ ಎರಡನೆಯ ಸ್ಥಾನ. ಹದ ಹೇಳುವ ಅಧಿಕಾರ ಅಡುಗೆಮನೆಯ ಹೊಸಿಲು ದಾಟಿದೊಡನೆ ನಮ್ಮ ಕೈ ತಪ್ಪುವುದೇಕೆ ಎಂದು ನೀವೂ ಯೋಚಿಸಿ.

ಇಷ್ಟು ಹೇಳಿ ಇನ್ನೊಂದು ಮಾತು ಹೇಳದಿದ್ದರೆ ನನ್ನ ತರಗತಿಯ ಮಕ್ಕಳಿಗೆ ದ್ರೋಹವಾದೀತು. ರಾತ್ರಿ ಅಪ್ಪ ಕುಡಿದು ಬಂದು ಮಾಡಿದ ರಂಪದಿಂದ ನಿದ್ದೆಗೆಟ್ಟು, ಬೆಳಗಿನ ಮೊದಲ ಅವಧಿಯಲ್ಲೇ ತೂಕಡಿಸುವ ಮಕ್ಕಳನ್ನು ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು 1990ರ ದಶಕದಲ್ಲಿ ಬಹಳ ಹಬ್ಬಿತ್ತು. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಾಟಲಿಯ ಚೀಟಿ ಎಷ್ಟು ಚೆಂದವಿದ್ದರೂ ಒಳಗಿನ ಮದ್ಯಸಾರ ಅದೇ. ಆ ಕೋತ್ ದು ರೋನಿನಲ್ಲಿ ಅದು ನೂರಕ್ಕೆ 14 ಪಾಲು ಇತ್ತು.

ಫ್ರೆಂಚರೂ ಇದನ್ನು ನಿಧಾನವಾಗಿ ಕಲಿತವರೇ. ಶಾಲೆಯ ಊಟದ ಮನೆಯಲ್ಲಿ ಹದಿನಾಲ್ಕು ತುಂಬದ ಮಕ್ಕಳಿಗೆ ವೈನ್ ಕೊಡಬಾರದೆಂದು ಅಲ್ಲಿ ಆಜ್ಞೆಯಾದದ್ದು 1956ರಲ್ಲಿ, ಅಂದರೆ ಅಲ್ಲಿಯವರೆಗೂ ಕೊಡುತ್ತಿದ್ದರು! 1960ರ ಸುಮಾರಿಗೆ ವರ್ಷಕ್ಕೆ ತಲೆಗೆ ನೂರು ಲೀಟರಿಗೂ ಮೀರಿ ಕುಡಿಯುತ್ತಿದ್ದವರು ಈಗ ಅದರ ಅರ್ಧಕ್ಕಿಂತ ಕೆಳಗಿಳಿದಿದ್ದಾರೆ.

ಹಾಗಾಗಿ ಯಾರಿಗೂ ಕುಡಿಯಿರಿ ಎಂದು ನಾನು ಹೇಳಲಾರೆ. ಮಕ್ಕಳ ಮನೆಗೆಂದು ಪರದೇಶಕ್ಕೆ ಹೋದಾಗ ಯಾರಾದರೂ ಲೋಟ ಮುಂದಿಟ್ಟರೆ ಬೇಡ ಎನ್ನಲು ನಾಚಬೇಕಿಲ್ಲ. ರುಚಿ ನೋಡಿದಿರಾದರೆ, ಹೇಗಿದೆ ಎಂದು ಕೇಳಿದವರಿಗೆ ಅಳಿಯನ ಮುಖ ನೋಡದೆ ಉತ್ತರ ಕೊಡಿ. ನನ್ನನ್ನು ಕೇಳಿದರೆ, ಊಟಕ್ಕೆ ಬೋಜೊಲೆ ಮೊದಲು, ಮಸ್ಕಡೆ ಎರಡನೆಯದು. ಕೋತ್ ದು ರೋನ್ ಚೀಸ್ ಇದ್ದ ದಿನಕ್ಕೆ ಮಾತ್ರ. ಮಾಕೋನ್ ಇಲ್ಲದಿದ್ದರೂ ನಡೆದೀತು.