ಇಳಿಯುವುದು ಎಲ್ಲಿ?

"ಮೇಲೆ ಹೋಗ್ಲಾ ಸರ್, ಕೆಳಗಡೆ ಹೋಗ್ಲಾ? ಮೇಲಾದ್ರೆ ಟೋಲ್ ನೀವೇ ಕೊಡ್ಬೇಕು."

ಮಗಳ ಮನೆಗೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹೋದಾಗಲೆಲ್ಲ ಕ್ಯಾಬ್ ಡ್ರೈವರುಗಳ ಬಾಯಲ್ಲಿ ಈ ಮಾತು ಕೇಳುತ್ತೇನೆ. ಮೈಸೂರಿನ ಸರಸ್ವತಿಪುರಂನಲ್ಲೇ ಬೆಳೆದವನಿಗೆ ರಸ್ತೆಯಲ್ಲೂ ಮೇಲಿನದು, ಕೆಳಗಿನದು ಎಂಬ ಭೇದವಿರುತ್ತದೆ ಎಂದು ಗೊತ್ತಾಗಿದ್ದೇ ಅಲ್ಲಿ. ನಮ್ಮಲ್ಲಿ ಮೇನ್‌ಗಳು, ಕ್ರಾಸ್‌ಗಳು. ಅಗ್ನಿಶಾಮಕ ಠಾಣೆಯಿಂದ ಕುಕ್ಕರಹಳ್ಳಿ ಕೆರೆಯವರೆಗೆ ಎಲ್ಲರದೂ ಒಂದೇ ನೆಲ. ಈಗ ಮೈಸೂರಿನ ಜೆಎಲ್‌ಬಿ ರಸ್ತೆ ಮತ್ತು ವಿನೋಬಾ ರಸ್ತೆಗಳ ಮೇಲೂ ಫ್ಲೈಓವರ್ ಬರಲಿ ಎಂಬ ಪ್ರಸ್ತಾಪ ಎದ್ದಿದೆ. ಅದಕ್ಕೆ ಹೂಂ ಅನ್ನುವ ಮುಂಚೆ, ನಮ್ಮ ರಾಜ್ಯದವರೇ ಹದಿನೈದು ವರ್ಷ ಬಳಸಿ ನೋಡಿರುವ ಹೊಸೂರು ರಸ್ತೆಯ ಎಲಿವೇಟೆಡ್ ರಸ್ತೆಯನ್ನು ಒಮ್ಮೆ ಸರಿಯಾಗಿ ನೋಡೋಣ ಅನ್ನಿಸಿತು.

ಆ ರಸ್ತೆ ತೆರೆದದ್ದು 2010ರ ಜನವರಿಯಲ್ಲಿ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿಲೋಮೀಟರ್ ಉದ್ದ, ನಾಲ್ಕು ಪಥ. ಖಾಸಗಿ ಕಂಪನಿ ಕಟ್ಟುವುದು, ಗುತ್ತಿಗೆಯ ಅವಧಿ ಮುಗಿಯುವವರೆಗೆ ಟೋಲ್ ಎತ್ತುವುದು, ಆಮೇಲೆ ಸರ್ಕಾರಕ್ಕೆ ಒಪ್ಪಿಸುವುದು, ಇದು ಒಪ್ಪಂದ. ಬೆಳಿಗ್ಗೆ ಸಾವಿರಾರು ಜನ ಐಟಿ ಕಂಪನಿಗಳಿಗೆ ಹೊರಡುವ ದಾರಿಯಲ್ಲಿ ಸಿಗ್ನಲ್ ಮೇಲೆ ಸಿಗ್ನಲ್ ಬಿದ್ದು ಒದ್ದಾಡುತ್ತಿದ್ದ ಕಾಲವದು. ರಸ್ತೆ ಅಗಲ ಮಾಡಲು ಎರಡೂ ಬದಿಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಮೇಲಕ್ಕೆ ಹೋದರು.

ಒಪ್ಪಿಕೊಳ್ಳಬೇಕಾದ್ದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಟ್ಟಿದ ರೀತಿ ಚೆನ್ನಾಗಿದೆ. ರಸ್ತೆಯ ನಡುವಿನ ಕಿರಿದಾದ ಪಟ್ಟಿಯಲ್ಲಿ ಒಂಟಿ ಕಂಬಗಳ ಸಾಲು ನಿಲ್ಲಿಸಿ, ಬೇರೆ ಕಡೆ ಎರಕ ಹೊಯ್ದ ಕಾಂಕ್ರೀಟ್ ತುಂಡುಗಳನ್ನು ಮೇಲೆತ್ತಿ, ಹೂ ಪೋಣಿಸಿದ ಹಾಗೆ ಉಕ್ಕಿನ ಕೇಬಲ್‌ಗಳಲ್ಲಿ ಬಿಗಿದಿದ್ದಾರೆ. ಕೆಳಗೆ ವಾಹನ ಓಡುತ್ತಿರುವಾಗಲೇ ಈ ಕೆಲಸ ನಡೆಯಿತು. ಮೇಲೆ ಹೋದಾಗ ಗಡಿಯಾರ ನೋಡಿದ್ದೇನೆ. ಬೆಳಗಿನ ಹೊತ್ತು ಹತ್ತು ಹನ್ನೆರಡು ನಿಮಿಷಕ್ಕೆ ಆಚೆ ತುದಿ ಮುಟ್ಟಿದ್ದುಂಟು. ಮಗಳು ಮೊದಲ ಸಲ ತುಂಬು ಗರ್ಭಿಣಿಯಾಗಿದ್ದಾಗ ಆಸ್ಪತ್ರೆಗೆ ಕರೆದೊಯ್ದದ್ದು ಇದೇ ರಸ್ತೆಯಲ್ಲಿ. ಆ ದಿನ ಆ ಹತ್ತು ನಿಮಿಷಕ್ಕೆ ನಾನು ಎಷ್ಟು ಟೋಲ್ ಕೇಳಿದ್ದರೂ ಕೊಡುತ್ತಿದ್ದೆ.

ಆದರೆ ರಸ್ತೆಯನ್ನು ಅದರ ನಡುಭಾಗ ನೋಡಿ ಅಳೆಯಲಾಗದು, ತುದಿ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಹಾರಿಬಂದ ವಾಹನಗಳೆಲ್ಲ ಕೊನೆಗೆ ಇಳಿಯುವುದು ಸಿಲ್ಕ್ ಬೋರ್ಡ್ ಬಾಯಿಗೆ. ಹೊಸೂರು ರಸ್ತೆ ಮತ್ತು ಹೊರ ವರ್ತುಲ ರಸ್ತೆ ಕೂಡುವ ಆ ಜಂಕ್ಷನ್ನಿನ ಹೆಸರು ಹೇಳಿದರೆ ಸಾಕು, ಬೆಂಗಳೂರಿನವರು ಉಸಿರು ಬಿಡುತ್ತಾರೆ. ಹತ್ತು ನಿಮಿಷದಲ್ಲಿ ಬಂದವನು ಮುಂದಿನ ಒಂದು ಕಿಲೋಮೀಟರಿಗೆ ಅರ್ಧ ಗಂಟೆ ಕೂರುತ್ತಾನೆ. ಮೊದಲು ಹತ್ತು ಕಡೆ ಚದುರಿ ನಿಲ್ಲುತ್ತಿದ್ದ ವಾಹನಗಳು ಈಗ ಒಟ್ಟಿಗೆ ಒಂದು ಕಡೆ ಬಂದು ಬೀಳುತ್ತವೆ. ಜಾಮ್ ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು.

ಇನ್ನು ಕೆಳಗಿನ ರಸ್ತೆ. ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್: ಮೇಲಿನ ರಸ್ತೆಯಲ್ಲಿ ಹೋಗುವವರಿಗೆ ಇವು ಹಸಿರು ಬೋರ್ಡುಗಳೂ ಅಲ್ಲ. ಅಲ್ಲಿ ದುಡಿಯುವವರಿಗೆ, ಬಾಡಿಗೆ ಮನೆಯಲ್ಲಿರುವವರಿಗೆ ಅದೇ ಊರು. ಒಂದು ಸಂಜೆ ಕೂಡ್ಲು ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಆಗಷ್ಟೇ ಮಳೆ ನಿಂತಿತ್ತು. ಮೇಲಿನಿಂದ ಕಂಬಕ್ಕೆ ಅಂಟಿಕೊಂಡು ಇಳಿದ ಪೈಪಿನ ಬಾಯಿ ಒಡೆದು ನೀರು ರಸ್ತೆಯ ಮೇಲೇ ಸುರಿಯುತ್ತಿತ್ತು. ಹೂವಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡ ವಯಸ್ಸಾದ ಹೆಂಗಸು ರಸ್ತೆ ದಾಟಲು ಒಂದು ಹೆಜ್ಜೆ ಮುಂದಿಡುವುದು, ಬಸ್ಸು ಬಂತೆಂದು ಎರಡು ಹೆಜ್ಜೆ ಹಿಂದಿಡುವುದು. ಕೊನೆಗೆ ಡಿವೈಡರ್ ತಲುಪಿ ಕಂಬಕ್ಕೆ ಕೈಯೂರಿ ನಿಂತಳು. "ಬನ್ನಿ ಅಮ್ಮಾ" ಎಂದು ಕೈ ಹಿಡಿದೆ. "ಇದು ಕಟ್ದಾಗ್ನಿಂದ ಈ ಕಡೆ ಆ ಕಡೆ ಹೋಗೋದೇ ಕಷ್ಟ ಆಗೋಯ್ತು ಕಣಪ್ಪಾ" ಅಂದಳು. ನಮ್ಮ ತಲೆಯ ಮೇಲೆ ಗಾಡಿಗಳು ಜುಯ್ಯೆಂದು ಹೋಗುತ್ತಲೇ ಇದ್ದವು. ಅಷ್ಟು ದೊಡ್ಡ ರಸ್ತೆಯನ್ನು ಅವಳ ತಲೆಯ ಮೇಲೆ ಕಟ್ಟಿದವರಿಗೆ ಅವಳು ದಾಟಲೊಂದು ದಾರಿ ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಟೋಲ್ ವಿಷಯದಲ್ಲಿ ನನ್ನ ತಕರಾರು ಹಣದ ಮೊತ್ತದ್ದಲ್ಲ. ಟೋಲ್ ಎತ್ತುವ ಕಂಪನಿಗೆ ಹೆಚ್ಚು ವಾಹನ ಓಡಿದಷ್ಟೂ ಲಾಭ. ಊರಿಗೆ ಬೇಕಾದದ್ದು ವಾಹನ ಕಡಿಮೆಯಾಗುವುದು. ಊರಿನ ದಟ್ಟಣೆ ಇಳಿಸುವ ಕೆಲಸವನ್ನು, ದಟ್ಟಣೆಯಿಂದಲೇ ಗಳಿಸಬೇಕಾದವರ ಕೈಗೆ ಕೊಟ್ಟರೆ ಅದು ಹೇಗೆ ನಡೆದೀತು? ಹೆದ್ದಾರಿಯಲ್ಲಿ, ಊರಿಂದೂರಿಗೆ ಹೋಗುವಲ್ಲಿ ಟೋಲ್ ಲೆಕ್ಕ ಬೇರೆ. ಅಲ್ಲೂ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೈಸೂರಿನವರು ಕಂಡಿದ್ದೇವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥಕ್ಕೆ ಟೋಲ್ ಶುರುವಾದ ಕೂಡಲೇ ಕೆಎಸ್‌ಆರ್‌ಟಿಸಿ ಬಸ್ ಟಿಕೆಟ್ಟಿಗೂ ಬಳಕೆದಾರರ ಶುಲ್ಕ ಸೇರಿತು: ಕರ್ನಾಟಕ ಸಾರಿಗೆಗೆ 15 ರೂಪಾಯಿ, ರಾಜಹಂಸಕ್ಕೆ 18, ಮಲ್ಟಿ ಆಕ್ಸಲ್‌ಗೆ 20. ನಲವತ್ತು ಜನರನ್ನು ಒಂದೇ ಗಾಡಿಯಲ್ಲಿ ಒಯ್ದು ರಸ್ತೆಗೆ ಉಪಕಾರ ಮಾಡುವ ಬಸ್ಸಿನವರೂ ಕೊಡಬೇಕು. ಬಸ್ಸಿಗೆ ಟೋಲ್ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಊರೊಳಗಂತೂ ಖಂಡಿತ ತಪ್ಪು.

ಹೊಸೂರು ರಸ್ತೆಯ ಪಕ್ಕದಲ್ಲೇ ಈಗ ನೇರ ಹೋಲಿಕೆಗೆ ಇನ್ನೊಂದು ಸಿಕ್ಕಿದೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಅದೂ ಎತ್ತರದಲ್ಲೇ ಸಾಗುತ್ತದೆ, ಅದಕ್ಕೂ ಕಂಬ ಬೇಕು, ಕಾಂಕ್ರೀಟ್ ಬೇಕು. ಆದರೆ ಬೊಮ್ಮನಹಳ್ಳಿಯಲ್ಲಿ ನಿಲ್ಲುತ್ತದೆ, ಕೂಡ್ಲು ಗೇಟಿನಲ್ಲಿ ನಿಲ್ಲುತ್ತದೆ, ಸಿಂಗಸಂದ್ರದಲ್ಲಿ ನಿಲ್ಲುತ್ತದೆ. ಎಲಿವೇಟೆಡ್ ರಸ್ತೆ ದಾಟಿ ಹೋದ ಊರುಗಳಿಗೆಲ್ಲ ರೈಲು ಬಾಗಿಲು ತೆರೆಯುತ್ತದೆ. ಶುರುವಿನಲ್ಲಿ ಬರೀ ಮೂರು ರೈಲು, 25 ನಿಮಿಷಕ್ಕೊಂದು. ಆದರೂ ಜನ ತುಂಬಿಕೊಂಡೇ ಹೋದರು. ಮೆಟ್ರೋ ಮೊದಲು ಬಂದು, ರಸ್ತೆ ಆಮೇಲೆ ಬೇಕೇ ಎಂದು ಯೋಚಿಸಿದ್ದರೆ! ಮೊದಲು ಬರಬೇಕಾದದ್ದು ಹದಿನೈದು ವರ್ಷ ತಡವಾಗಿ ಬಂತು.

ಕಟ್ಟಿದ ಮೇಲಿನ ಪಾಲನೆಯ ಮಾತನ್ನೂ ಬಿಡುವಂತಿಲ್ಲ. ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ಕೂಡ 2010ರದೇ. ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ವಾಹನ ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ. ನೆಲದ ರಸ್ತೆ ಗುಂಡಿ ಬಿದ್ದರೆ ಒಂದು ರಾತ್ರಿಯಲ್ಲಿ ಮುಚ್ಚಬಹುದು. ಎತ್ತರದ ರಸ್ತೆಯ ಒಳಗಿನ ಕೇಬಲ್ ಸವೆದರೆ ಕಣ್ಣಿಗೆ ಕಾಣುವುದೇ ಇಲ್ಲ.

ಹಾಗೆಂದು ಜನ ಸುಮ್ಮನಿರಬೇಕಿಲ್ಲ. 2016ರ ಅಕ್ಟೋಬರ್ 16ರಂದು ಬೆಂಗಳೂರಿನವರು ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಬರಬೇಕಿದ್ದ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್ "ಬೇಡ" ಎಂದು ಕೈ ಕೈ ಹಿಡಿದು ನಿಂತರು. 812 ಮರಗಳು ಉರುಳಬೇಕಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ದಕ್ಷಿಣ ಕೊರಿಯಾದ ಸಿಯೋಲ್‌ನವರು ಕಟ್ಟಿದ್ದನ್ನೇ ಕೆಡವಿದರು. ಚೊಂಗ್ಯೆಚೊನ್ ಹಳ್ಳವನ್ನು ಮುಚ್ಚಿ ಮೇಲೆ ಕಟ್ಟಿದ್ದ ರಸ್ತೆಯನ್ನು 2003ರಲ್ಲಿ ಒಡೆಯಲು ಶುರು ಮಾಡಿ, 2005ರಲ್ಲಿ ಹಳ್ಳವನ್ನು ಊರಿಗೆ ವಾಪಸ್ ಕೊಟ್ಟರು.

ಈಗ ನಮ್ಮ ಊರಿಗೆ ಬರುತ್ತೇನೆ. 1903ರಲ್ಲೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಕಂಡ ಊರು ಮೈಸೂರು. ರಸ್ತೆಯ ಕೊನೆಯಲ್ಲಿ ಏನು ಕಾಣಬೇಕು ಎಂಬುದನ್ನೂ ಯೋಚಿಸಿ ಕಟ್ಟಿದ ಊರು. ಮೆಟ್ರೊಪೋಲ್ ವೃತ್ತದ ನೆತ್ತಿಯ ಮೇಲೆ ಕಾಂಕ್ರೀಟ್ ಚಾವಣಿ ಬಂದರೆ ಆ ನೋಟವನ್ನು ಮತ್ತೆ ಯಾವ ಅನುದಾನದಿಂದಲೂ ತರಲಾಗದು. ಸಂಜೆ ಐದೂವರೆಗೆ ರಾಮಸ್ವಾಮಿ ವೃತ್ತದಲ್ಲಿ ವಾಹನ ನಿಲ್ಲುತ್ತವೆ, ನಿಜ. ನನಗೂ ಬೇಜಾರಾಗುತ್ತದೆ. ಆದರೆ ಅದೇ ವೃತ್ತಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಚಾಮರಾಜಪುರಂ ರೈಲು ನಿಲ್ದಾಣವಿದೆ. ನಂಜನಗೂಡು, ಚಾಮರಾಜನಗರದ ಕಡೆಗೆ ಹಳಿ ಊರ ನಡುವೆಯೇ ಹಾದುಹೋಗಿದೆ. ಬೆಳಿಗ್ಗೆ ಸಂಜೆ ಆ ಹಳಿಯ ಮೇಲೆ ಸಣ್ಣ ರೈಲು ಹೆಚ್ಚಿಸಲು, ಕುವೆಂಪುನಗರ, ಸರಸ್ವತಿಪುರಂ ಕಡೆಯಿಂದ ಹತ್ತು ನಿಮಿಷಕ್ಕೊಂದು ಸಿಟಿ ಬಸ್ ಬಿಡಲು, ಫುಟ್‌ಪಾತ್ ಸರಿಮಾಡಲು ಎಷ್ಟು ಬೇಕು ಎಂಬ ಲೆಕ್ಕವನ್ನು ಮೊದಲು ಜನರ ಮುಂದಿಡಲಿ. ಅದನ್ನು ಮಾಡಿ ನೋಡಿ, ಸಾಲದೆ ಬಂದರೆ ಮಾತ್ರ ಕಂಬದ ಮಾತು.

ಫ್ಲೈಓವರ್ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಕರೆದರೆ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲಿನ ಹಿರಿಯರು, ಕಾಲೇಜಿನ ಮಕ್ಕಳು ದಯವಿಟ್ಟು ಹೋಗಿ. ನಕ್ಷೆ ಬಿಚ್ಚಿಟ್ಟಾಗ ಹತ್ತುವ ಜಾಗವನ್ನು ಬಿಟ್ಟು, ಇಳಿಯುವ ಜಾಗದ ಮೇಲೆ ಬೆರಳಿಟ್ಟು ಕೇಳಿ: ಇಲ್ಲಿಗೆ ಬಂದ ವಾಹನಗಳು ಮುಂದೆ ಎಲ್ಲಿಗೆ ಹೋಗುತ್ತವೆ, ಮತ್ತು ಇದರ ಕೆಳಗೆ ನಡೆದು ದಾಟುವವರಿಗೆ ದಾರಿ ಎಲ್ಲಿದೆ?